ಹಳದಿ ಕೋಳಿಯ ಬಾಲದ ಮೇಲೆ

ಊರಿನ ಅರ್ಧ ಗಂಡಸರ ಗದ್ದ ಹಿಡಿದು ಎಡಕ್ಕೂ ಬಲಕ್ಕೂ ತಿರುಗಿಸಿದ ಕ್ಷೌರಿಕನಿಗೆ ಹೆತ್ತ ಅಪ್ಪನ ಮುಖ ಹೇಗಿತ್ತೆಂದು ಗೊತ್ತಿರಲಿಲ್ಲ. ಇದನ್ನು ಅವನು ಅಂಗಡಿಯಲ್ಲಿ ಯಾರ ಬಳಿಯೂ ಹೇಳಿಕೊಂಡವನಲ್ಲ. ಹೇಳಿದರೆ ಗಿರಾಕಿಗಳು ಅಯ್ಯೋ ಪಾಪ ಎನ್ನುತ್ತಾರೆ, ಹಾಗೆನ್ನುವಾಗ ತಲೆ ಅಲ್ಲಾಡಿಸುತ್ತಾರೆ. ಕತ್ತಿನ ಮೇಲೆ ಬ್ಲೇಡು ಇರುವಾಗ ತಲೆ ಅಲ್ಲಾಡಿಸುವವರನ್ನು ಕಂಡರೆ ಅವನಿಗಾಗದು.

ಅಪ್ಪ ಯುದ್ಧದ ಕಾಲದಲ್ಲಿ, ಹೊಸ ಹುಡುಗರಿಗೆ ವಿಮಾನ ಹಾರಿಸುವುದನ್ನು ಕಲಿಸುವ ಶಿಬಿರವೊಂದರಲ್ಲಿ ಮೆಕ್ಯಾನಿಕ್ ಆಗಿದ್ದ. ಮಗ ಇನ್ನೂ ಹೊಟ್ಟೆಯಲ್ಲಿರುವಾಗಲೇ ಶಿಬಿರದಲ್ಲಿ ಜ್ವರ ಹಿಡಿದು, ಮನೆಗೆ ಸುದ್ದಿ ಮುಟ್ಟುವ ಮೊದಲೇ ತೀರಿಹೋದ. ಮದುವೆಯಲ್ಲಿ ಫೋಟೋ ತೆಗೆಸುವ ಅನುಕೂಲ ಆಗ ಯಾರಿಗಿತ್ತು? ಇದ್ದ ಒಂದೇ ಒಂದು ಫೋಟೋ ಅವನ ಗುರುತಿನ ಚೀಟಿಗೆ ಅಂಟಿಕೊಂಡಿತ್ತು, ಆ ಚೀಟಿಯನ್ನು ಸರ್ಕಾರ ತನ್ನದೆಂದು ವಾಪಸು ತೆಗೆದುಕೊಂಡಿತು. ಮನುಷ್ಯನನ್ನು ಇಟ್ಟುಕೊಂಡದ್ದು ಸಾಲದೆಂದು ಅವನ ಮುಖವನ್ನೂ ಇಟ್ಟುಕೊಂಡ ಹಾಗಾಯಿತು.

ಮುಖಕ್ಕೆ ಬದಲಾಗಿ ಅಮ್ಮ ಅವನಿಗೆ ಒಂದು ಕಥೆ ಕೊಟ್ಟಿದ್ದಳು. ಶಿಬಿರದ ವಿಮಾನಗಳಿಗೆಲ್ಲ ಹಳದಿ ಬಣ್ಣ. ಒಳಗೆ ಕೂತವನು ಇನ್ನೂ ಕಲಿಯುತ್ತಿದ್ದಾನೆ ಎಂದು ದೂರದಿಂದಲೇ ತಿಳಿದು ಉಳಿದವರು ಜೀವ ಉಳಿಸಿಕೊಳ್ಳಲಿ ಎಂದು ಆ ಬಣ್ಣ. ನೆಲಕ್ಕಿಳಿಯುವಾಗ ಕುಪ್ಪಳಿಸಿ ಕುಪ್ಪಳಿಸಿ ಬರುತ್ತಿದ್ದುದರಿಂದ ಎಲ್ಲರ ಬಾಯಲ್ಲೂ ಅದು 'ಹಳದಿ ಕೋಳಿ'. ಬೆಳಿಗ್ಗೆ ಎಂಜಿನ್ ಸರಿಯಿದೆಯೇ ಎಂದು ನೋಡಲು, ನಿಂತಲ್ಲೇ ಜೋರಾಗಿ ಓಡಿಸಬೇಕು. ಓಡಿಸಿದರೆ ಕೋಳಿ ಬಾಲ ಎತ್ತಿ ಮೂಗನ್ನು ನೆಲಕ್ಕೆ ಕುಟ್ಟಲು ಹೊರಡುತ್ತದೆ. ಅದಕ್ಕೇ ಒಬ್ಬ ಮನುಷ್ಯ ಬಾಲದ ಮೇಲೆ ಅಡ್ಡ ಮಲಗಿ ಭಾರ ಕೊಡಬೇಕು.

"ನಿಮ್ಮಪ್ಪ ಮಲಗ್ತಿದ್ರು" ಎನ್ನುತ್ತಿದ್ದಳು ಅಮ್ಮ. "ಆ ಗಾಳಿ, ಆ ಧೂಳು, ಆ ಸದ್ದು! ರಜಕ್ಕೆ ಮನೆಗೆ ಬಂದ್ರೆ ಮೊದಲನೇ ದಿನ ಕಿವೀನೇ ಕೇಳಿಸ್ತಿರಲಿಲ್ಲ. ನಾನು ಬೈದಿದ್ದೆಲ್ಲ ದಂಡ."

"ನೋಡೋಕೆ ಹೇಗಿದ್ರಮ್ಮಾ?"

"ನಿನ್ನ ಹಾಗೇ."

ಆ ಎರಡು ಮಾತು ಹಿಡಿದುಕೊಂಡು ಅವನು ಬೆಳೆದ. ಮೀಸೆ ಮೂಡಿದ ವಯಸ್ಸಿನಿಂದ ಕನ್ನಡಿಯಲ್ಲಿ ಅಪ್ಪನನ್ನು ಹುಡುಕಿದ. ಕೊನೆಗೆ ಎದುರಿಗೊಂದು ಹಿಂದೆಯೊಂದು ಕನ್ನಡಿ ಇರುವ ಕಸುಬನ್ನೇ ಹಿಡಿದ. ಮೊದಮೊದಲು ಕನ್ನಡಿ ಅಷ್ಟೋ ಇಷ್ಟೋ ಸಮಾಧಾನ ಕೊಡುತ್ತಿತ್ತು. ಆದರೆ ಅಪ್ಪ ಸತ್ತಾಗ ಅಪ್ಪನಿಗೆ ಮೂವತ್ತೂ ತುಂಬಿರಲಿಲ್ಲ, ಕನ್ನಡಿಯಲ್ಲಿರುವವನು ಈಗ ಅರವತ್ತು ದಾಟಿ ತಲೆ ಬೋಳಾದ ಮುದುಕ. ಅಪ್ಪನ ಮುಖ ಇಷ್ಟಿಷ್ಟೇ ತನ್ನಿಂದ ಜಾರಿಹೋಗುತ್ತಿದೆ ಅನ್ನಿಸಿ ಅವನಿಗೆ ಸಂಕಟವಾಗುತ್ತಿತ್ತು.

ಅಷ್ಟರಲ್ಲಿ ಅಮ್ಮನ ಕಣ್ಣು ಕೈಕೊಟ್ಟಿತು. ಒಂದು ಕಣ್ಣು ಪೂರ್ತಿ ಹೋಗಿತ್ತು, ಇನ್ನೊಂದೂ ಹೆಚ್ಚು ದಿನ ಉಳಿಯುವುದಿಲ್ಲ ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದರು. ಅಂದು ಆಸ್ಪತ್ರೆಯ ಮೆಟ್ಟಿಲಿಳಿಯುವಾಗ ಕ್ಷೌರಿಕ ಲೆಕ್ಕ ಹಾಕಿದ. ಶಿಬಿರದ ಹಳೆಯ ಫೋಟೋಗಳು ಎಲ್ಲಾದರೂ ಇದ್ದೇ ಇರುತ್ತವೆ, ಒಂದರಲ್ಲಾದರೂ ಅಪ್ಪ ಬಾಲದ ಮೇಲೆ ಮಲಗಿರಲೇಬೇಕು. ಆದರೆ 'ಇವನೇ' ಎಂದು ಬೆರಳಿಟ್ಟು ತೋರಿಸಬಲ್ಲ ಜೀವ ಲೋಕದಲ್ಲಿ ಒಂದೇ. ಆ ಜೀವದ ಕಣ್ಣು ಮುಚ್ಚಿಕೊಂಡರೆ, ಫೋಟೋ ಸಿಕ್ಕರೂ ಅದು ಯಾರೋ ಒಬ್ಬನ ಫೋಟೋ.

ಅಂದಿನಿಂದ ಅವನು ಕಾಲಿಗೆ ಚಕ್ರ ಕಟ್ಟಿಕೊಂಡ. ಅಂಗಡಿಗೆ ರಜೆಯಿದ್ದ ದಿನವೆಲ್ಲ ಬಸ್ಸು ಹತ್ತುವುದೇ ಕೆಲಸ. ವಿಮಾನಗಳ ವಸ್ತುಸಂಗ್ರಹಾಲಯಕ್ಕೆ ಹೋದ, ಅಲ್ಲಿ ಗಾಜಿನ ಹಿಂದೆ ಹಳದಿ ಕೋಳಿ ಒಂಟಿಯಾಗಿ ನಿಂತ ಚಿತ್ರವಿತ್ತು. ಪತ್ರಿಕಾ ಕಚೇರಿಯ ನೆಲಮಾಳಿಗೆಗೆ ಹೋದ, ಅಲ್ಲಿ ಆಕಾಶದಲ್ಲಿ ಹಾರುವ ಚಿತ್ರವಿತ್ತು. ಅಷ್ಟು ಎತ್ತರದಲ್ಲಿ ಬಾಲದ ಮೇಲೆ ಯಾರು ಮಲಗುತ್ತಾರೆ? ಹಳೆಯ ಪೈಲಟ್ ಒಬ್ಬರ ಮನೆಯಲ್ಲಿ ಪೈಲಟ್ಟೇ ಎದೆಯುಬ್ಬಿಸಿ ನಿಂತು, ಹಿಂದಿದ್ದ ವಿಮಾನವನ್ನೂ ಮರೆಮಾಡಿದ್ದರು.

"ಅಪ್ಪನ್ನ ಹುಡುಕ್ತಿದ್ದೀರೋ ವಿಮಾನ ಕೊಂಡ್ಕೋತೀರೋ?" ಎಂದು ಹೆಂಡತಿ ಕಾಲೆಳೆದಳು. "ಕೊಂಡ್ಕೊಂಡ್ರೆ ಹೇಳಿ, ಬಟ್ಟೆ ಒಣಗಿಸೋಕೆ ರೆಕ್ಕೆ ಚೆನ್ನಾಗಿರುತ್ತೆ."

ಅಮ್ಮನೂ ಬೈದಳು. "ಸಾಕು ಬಿಡೋ. ಈ ವಯಸ್ಸಲ್ಲಿ ಬಸ್ಸು ಹತ್ತಿ ಬಿದ್ದುಗಿದ್ದೀಯ." ಬೈದರೂ, ಅವನು ತಿರುಗಿ ಬರುವವರೆಗೆ ಬಾಗಿಲ ಪಕ್ಕದ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ. ಬಂದವನ ಕೈಯಲ್ಲಿ ಏನೂ ಇಲ್ಲವೆಂದು ಗೊತ್ತಾದ ಮೇಲೆಯೇ ಊಟಕ್ಕೆ ಏಳುವುದು.

ಕೊನೆಗೆ ಒಬ್ಬ ಗಿರಾಕಿ ನೊರೆ ತುಂಬಿದ ಬಾಯಲ್ಲೇ ದಾರಿ ತೋರಿಸಿದ. ಪಕ್ಕದ ಊರಿನಲ್ಲಿ ನಿವೃತ್ತ ರೈಲ್ವೆ ಗುಮಾಸ್ತರೊಬ್ಬರಿದ್ದಾರೆ, ಯುದ್ಧಕಾಲದ ವಿಮಾನವೆಂದರೆ ಅವರಿಗೆ ಪ್ರಾಣ, ಹಳೆಯ ಸ್ಟುಡಿಯೋಗಳು ಮುಚ್ಚುವಾಗ ಫೋಟೋಗಳನ್ನೆಲ್ಲ ಬಾಚಿಕೊಂಡು ಬಂದವರು ಅವರೇ. ಜನ ಅವರನ್ನು 'ವಿಮಾನದ ಹುಚ್ಚರು' ಎನ್ನುತ್ತಾರೆ, ಎದುರಿಗೆ ಸಿಕ್ಕರೆ 'ಸಾರ್' ಎನ್ನುತ್ತಾರೆ.

ಹುಚ್ಚರು ಬಾಗಿಲು ತೆರೆದರು. ಕ್ಷೌರಿಕನ ಕಣ್ಣು ಮೊದಲು ಹೋದದ್ದು ಅವರ ಕೂದಲಿನ ಮೇಲೆ. ಕಿವಿ ಮುಚ್ಚಿ, ಕಾಲರು ದಾಟಿ ಬೆಳೆದಿತ್ತು. ಕೈ ತುರಿಸಿತಾದರೂ ಬಂದ ಕೆಲಸ ನೆನೆದು ಸುಮ್ಮನಾದ. ಕೋಣೆಯ ಮೂರು ಗೋಡೆಗೂ ಆಲ್ಬಮ್ಮುಗಳು, ನಾಲ್ಕನೆಯದಕ್ಕೆ ಮಂಚ. ಹಳದಿ ಕೋಳಿ ಅಂದದ್ದೇ ತಡ, ಆ ಮನುಷ್ಯನ ಮುಖ ಅರಳಿತು.

"ಯಾವ ಶಿಬಿರದ್ದು?"

ಕ್ಷೌರಿಕ ಹೇಳಿದ. ದಪ್ಪನೆಯ ಆಲ್ಬಮ್ಮೊಂದು ಇಳಿದು ಬಂತು. "ಈ ಆಲ್ಬಮ್ ಪೂರ್ತಿ ಅದೇ. ಶಿಬಿರದ ಫೋಟೋಗ್ರಾಫರ್ ಸತ್ತ ಮೇಲೆ ಅವನ ಮಕ್ಕಳು ಕೊಟ್ರು. ನೋಡಿ, ಒಂದಕ್ಕಿಂತ ಒಂದು."

ನಿಜಕ್ಕೂ ಒಂದಕ್ಕಿಂತ ಒಂದು. ಎದುರಿನಿಂದ ಕೋಳಿ, ಪಕ್ಕದಿಂದ ಕೋಳಿ, ಸಾಲಾಗಿ ನಿಂತ ಕೋಳಿಗಳು. ಕಪ್ಪು-ಬಿಳುಪಿನಲ್ಲಿ ಹಳದಿ ಬಣ್ಣವೆಲ್ಲ ಬೂದಿಯಾಗಿತ್ತು. ಹಾಳೆ ಮಗುಚಿದಂತೆಲ್ಲ ಕ್ಷೌರಿಕನ ಕೈ ನಿಧಾನವಾಯಿತು. ಒಬ್ಬನಾದರೂ ಮನುಷ್ಯನಿಲ್ಲ. ಆಮೇಲೆ ಅವನು ಗಮನಿಸಿದ, ಒಂದು ಫೋಟೋದ ಅಳತೆ ಇನ್ನೊಂದಕ್ಕಿಲ್ಲ. ಒಂದು ಉದ್ದ, ಒಂದು ಗಿಡ್ಡ, ಒಂದರ ಮೂಲೆಯೇ ಇಲ್ಲ. ಕತ್ತರಿ ಆಡಿದ ಅಂಚು ಯಾವುದೆಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ಇವನ್ನೆಲ್ಲ ಕತ್ತರಿಸಿದ್ದೀರಾ?"

"ಮತ್ತೆ? ಎಲ್ಲಾದ್ರಲ್ಲೂ ಯಾರಾದ್ರೂ ಹಲ್ಲು ಕಿರೀತಾ ನಿಂತಿರ್ತಿದ್ರು. ಒಬ್ಬ ಚಕ್ರದ ಹತ್ರ, ಒಬ್ಬ ರೆಕ್ಕೆ ಹತ್ರ. ವಿಮಾನ ನೋಡೋಕೆ ಬಂದವರಿಗೆ ಇವರ್ಯಾಕೆ ಅಡ್ಡ? ಎಲ್ಲಾನೂ ನೀಟಾಗಿ ತೆಗೆದುಬಿಟ್ಟೆ."

"ಕತ್ತರಿಸಿದ ಚೂರು?"

"ಆಗಲೇ ಕಸಕ್ಕೆ ಹಾಕಿದೆ. ಎಷ್ಟೋ ವರ್ಷ ಆಯ್ತು. ಯಾಕೆ?"

ಕ್ಷೌರಿಕನಿಗೆ ಕೂಗಾಡಬೇಕೆನ್ನಿಸಿತು, ಆ ಆಲ್ಬಮ್ಮನ್ನು ಕಿಟಕಿಯಿಂದಾಚೆ ಎಸೆಯಬೇಕೆನ್ನಿಸಿತು. ಆದರೆ ಎದುರಿಗಿದ್ದ ಮನುಷ್ಯನಲ್ಲಿ ಕೇಡೆಂಬುದು ಎಳ್ಳಷ್ಟೂ ಇರಲಿಲ್ಲ. ಮುದ್ದಿನ ಮಗುವಿನ ಮೂಗೊರೆಸಿದವರ ಹಾಗೆ ಖುಷಿಯಾಗಿದ್ದರು. ಇಂಥವರ ಮೇಲೆ ಸಿಟ್ಟು ಮಾಡುವುದೂ ಕಷ್ಟ. ಕ್ಷೌರಿಕ ಬಂದ ಕಾರಣವನ್ನು ತಡವರಿಸುತ್ತ ಹೇಳಿದ. ಅಪ್ಪ, ಶಿಬಿರ, ಬಾಲ, ಅಮ್ಮನ ಕಣ್ಣು.

ಹುಚ್ಚರು ಕೂದಲಿನೊಳಗೆ ಬೆರಳಾಡಿಸುತ್ತ ಎದ್ದು, ಮಂಚದ ಕೆಳಗಿನ ರಟ್ಟಿನ ಪೆಟ್ಟಿಗೆ ಎಳೆದರು.

"ಒಂದಿದೆ. ಆಲ್ಬಮ್ಮಿಗೆ ಹಾಕಿರಲಿಲ್ಲ, ಕೆಟ್ಟುಹೋದ ಫೋಟೋ ಅಂತ ಎತ್ತಿಟ್ಟಿದ್ದೆ. ಬಾಲದ ಮೇಲೆ ಒಬ್ಬ ಮಲಗಿಬಿಟ್ಟಿದ್ದಾನೆ. ಅವನನ್ನ ಕತ್ತರಿಸಿದ್ರೆ ಬಾಲಾನೇ ಹೋಗುತ್ತೆ, ಅದಕ್ಕೇ ಬಿಟ್ಟೆ."

ಕ್ಷೌರಿಕ ಎರಡೂ ಕೈಯಲ್ಲಿ ತೆಗೆದುಕೊಂಡ. ಫೋಟೋದಲ್ಲಿ ವಿಮಾನದ ಪಂಖ ತಿರುಗುತ್ತಿತ್ತು, ಹುಲ್ಲು ನೆಲಕ್ಕೆ ಒರಗಿತ್ತು. ಬಾಲದ ಮೇಲೆ ಹೊಟ್ಟೆ ಅಡಿಯಾಗಿ ಮಲಗಿದ್ದ ಯುವಕನೊಬ್ಬ, ಕಣ್ಣು ಬಿಗಿಯಾಗಿ ಮುಚ್ಚಿ, ಮುಖ ಈ ಕಡೆಗೆ ತಿರುಗಿಸಿ, ಬಾಯ್ತುಂಬ ನಗುತ್ತಿದ್ದ. ಕೂದಲು ಹಿಂದಕ್ಕೆ ಹಾರುತ್ತಿತ್ತು. ಅಗಲ ಹಣೆ, ಕಿರಿದಾದ ಗದ್ದ. ಕ್ಷೌರಿಕನ ಕಣ್ಣು ಮಂಜಾಯಿತು. ನನಗಿಂತ ಚೆನ್ನಾಗಿದ್ದಾನಲ್ಲ, ಎಂದುಕೊಂಡ. ಅಪ್ಪಾ ಎಂದು ಮನಸ್ಸಿನಲ್ಲೇ ಕರೆದೂ ನೋಡಿದ. ಅರವತ್ತು ದಾಟಿದ ಮೇಲೆ ಮೊದಲ ಬಾರಿಗೆ ಒಂದು ಮುಖ ನೋಡಿ ಹಾಗೆ ಕರೆದಿದ್ದ.

"ತಗೊಂಡು ಹೋಗಿ" ಎಂದರು ಹುಚ್ಚರು. ಬಾಗಿಲವರೆಗೆ ಬಂದು ನಿಂತರು. ಅವರ ಹಿಂದೆ ಮೂರು ಗೋಡೆ ತುಂಬ ಮನುಷ್ಯರಿಲ್ಲದ ವಿಮಾನಗಳಿದ್ದವು.

ಬಸ್ಸಿನಲ್ಲಿ ಅವನು ಆ ಫೋಟೋವನ್ನು ಎಷ್ಟು ಸಲ ತೆಗೆದು ನೋಡಿದನೋ ಲೆಕ್ಕವಿಲ್ಲ. ಪಕ್ಕದಲ್ಲಿ ಕೂತವನು ಮೂಗು ತೂರಿಸಿದಾಗ, "ನಮ್ಮಪ್ಪ" ಎಂದ. ಪಕ್ಕದವನು ಫೋಟೋದ ಹುಡುಗನನ್ನೂ ಇವನ ಬೋಳು ತಲೆಯನ್ನೂ ನೋಡಿ, ಸುಮ್ಮನೆ ಕಿಟಕಿಯ ಕಡೆ ತಿರುಗಿಕೊಂಡ.

ಅಮ್ಮ ಬಾಗಿಲ ಪಕ್ಕದಲ್ಲೇ ಇದ್ದಳು. "ಸಿಕ್ತು" ಎಂಬ ಮಾತು ಅವನ ಬಾಯಿಂದ ಬಿದ್ದದ್ದೇ, ಆಕೆ ಕುರ್ಚಿಯನ್ನು ತಾನೇ ಎಳೆದುಕೊಂಡು ಕಿಟಕಿಯ ಬೆಳಕಿಗೆ ಹೋದಳು. ಸೆರಗಿನಿಂದ ಕನ್ನಡಕ ಒರೆಸಿ, ಹಾಕಿಕೊಂಡು, ಮತ್ತೆ ತೆಗೆದು ಒರೆಸಿದಳು. ಹೆಂಡತಿ ಒಲೆ ಆರಿಸಿ ಬಂದು ಹಿಂದೆ ನಿಂತಳು. ಅವಳ ಬಾಯಲ್ಲೂ ಅಂದು ತಮಾಷೆಯಿರಲಿಲ್ಲ.

ಅಮ್ಮ ಫೋಟೋವನ್ನು ಒಳ್ಳೆಯ ಕಣ್ಣಿಗೆ ಒತ್ತಿಕೊಂಡಳೆನ್ನುವಷ್ಟು ಹತ್ತಿರ ಹಿಡಿದಳು. ಆಮೇಲೆ ನಕ್ಕಳು.

"ಇವನಾ! ಎಷ್ಟು ಎಳೆ ಮುಖ ನೋಡು. ಇವನು ನಿಮ್ಮಪ್ಪನ ಜೊತೆಗಾರ ಕಣೋ."

"ಅಪ್ಪ ಅಲ್ವಾ?"

"ಅಲ್ಲ ಮಗಾ. ಅವರು ಹೋದ ಸುದ್ದಿ ತಂದವನೇ ಇವನು. ಪೆಟ್ಟಿಗೆ ಹೊತ್ಕೊಂಡು ಬಂದು, ಈ ಬಾಗಿಲಲ್ಲೇ ಕೂತು ಅತ್ತ. ಆಮೇಲೂ, ನೀನು ಕೂಸಾಗಿದ್ದಾಗ, ಸುಮಾರು ಸಲ ಬಂದು ಹೋದ. ಹೇಗೆ ಮರೀಲಿ?"

ಬಸ್ಸಿನುದ್ದಕ್ಕೂ ಅಪ್ಪನಾಗಿದ್ದವನು ಒಂದು ಕ್ಷಣದಲ್ಲಿ ಯಾರೋ ಆಗಿಹೋದ. ಕ್ಷೌರಿಕ ನೆಲದ ಮೇಲೆ ಕೂತುಬಿಟ್ಟ. ಕೈಗೆ ಬಂದದ್ದು ಬಾಯಿಗೆ ಬರಲಿಲ್ಲ ಎಂಬ ಸಂಕಟ ಒಂದು ಕಡೆ, ಯಾರದೋ ಮುಖಕ್ಕೆ ಅಪ್ಪಾ ಎಂದುಬಿಟ್ಟೆನಲ್ಲ ಎಂಬ ನಾಚಿಕೆ ಇನ್ನೊಂದು ಕಡೆ.

ಅಮ್ಮ ಮಾತ್ರ ಫೋಟೋ ಇಳಿಸಿರಲಿಲ್ಲ. ಬೆರಳನ್ನು ಬಾಲದಿಂದ ರೆಕ್ಕೆಯುದ್ದಕ್ಕೆ ನಿಧಾನವಾಗಿ ಸರಿಸುತ್ತಿದ್ದಳು.

"ಒಂದು ದಿನ ಇವನು ಬಾಲಕ್ಕೆ, ಒಂದು ದಿನ ಅವರು. ಮಲಗದೇ ಇದ್ದವನು ರೆಕ್ಕೆ ತುದಿ ಹಿಡ್ಕೋಬೇಕು. ಅವರಿಬ್ಬರದೇ ವಿಮಾನ ಅದು, ಬೇರೆಯವರನ್ನ ಮುಟ್ಟೋಕೆ ಬಿಡ್ತಿರಲಿಲ್ಲ. ಇವನು ಇಲ್ಲಿದ್ರೆ ಅವರು..." ಬೆರಳು ಫೋಟೋದ ಅಂಚಿಗೆ ಬಂದು ನಿಂತಿತು. "ಇದೇನೋ ಇದು?"

ಕ್ಷೌರಿಕ ಎದ್ದು ಬಗ್ಗಿ ನೋಡಿದ. ರೆಕ್ಕೆಯ ತುದಿಗೆ ಕೂದಲೆಳೆಯಷ್ಟು ಜಾಗ ಬಿಟ್ಟು ಕತ್ತರಿ ಹಾದುಹೋಗಿತ್ತು. ಅಂಚಿನ ಆಚೆಯಿಂದ ನಾಲ್ಕು ಬೆರಳು ಬಂದು ರೆಕ್ಕೆಯನ್ನು ಗಟ್ಟಿಯಾಗಿ ಹಿಡಿದಿದ್ದವು. ವಿಮಾನ ಕೆಡದಂತೆ ಮನುಷ್ಯನನ್ನು ತೆಗೆಯುವಾಗ, ವಿಮಾನ ಹಿಡಿದ ಬೆರಳನ್ನು ತೆಗೆಯಲು ಹುಚ್ಚರಿಗೂ ಸಾಧ್ಯವಾಗಿರಲಿಲ್ಲ.

ಅವನು ನಡೆದದ್ದನ್ನು ಅಮ್ಮನಿಗೆ ಹೇಳಿದ. ಅಪ್ಪ ಅಲ್ಲಿಯೇ ಇದ್ದ, ಮುಖವೂ ಇತ್ತು, ಬಹುಶಃ ನಗುತ್ತಲೂ ಇದ್ದ. ಯಾರೋ ನೀಟಾಗಿ ಕತ್ತರಿಸಿ ಕಸಕ್ಕೆ ಹಾಕಿದರು. ಹೇಳುತ್ತ ಹೇಳುತ್ತ ಅವನು ಸಣ್ಣ ಮಗುವಿನ ಹಾಗೆ ಅತ್ತುಬಿಟ್ಟ. ಹೆಂಡತಿ ಬಂದು ಅವನ ಬೆನ್ನ ಮೇಲೆ ಕೈಯಿಟ್ಟಳು.

"ಹೋಗ್ಲಿ ಬಿಡಮ್ಮ" ಎಂದ ಕೊನೆಗೆ, ಮುಖ ಒರೆಸಿಕೊಂಡು. "ನೀನಾದ್ರೂ ನೋಡಿದ್ದೀಯಲ್ಲ. ನನ್ನ ಹಾಗೇ ಇದ್ರು ಅಂತ ಹೇಳಿದ್ದೀಯಲ್ಲ. ನನಗೆ ಅಷ್ಟು ಸಾಕು."

ಅಮ್ಮ ಆ ನಾಲ್ಕು ಬೆರಳಿನ ಮೇಲೆ ತನ್ನ ಹೆಬ್ಬೆರಳಿಟ್ಟುಕೊಂಡು ಕಿಟಕಿಯಾಚೆ ನೋಡುತ್ತಿದ್ದಳು.

"ನನಗೆ ಅವರ ಮುಖ ನೆನಪಿಲ್ಲ ಮಗಾ" ಎಂದಳು.

ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡಳು.

"ಆ ನೆನಪು ಹೋಗಿ ಎಷ್ಟೋ ವರ್ಷ ಆಯ್ತು. ನಿನಗೆ ಮೀಸೆ ಬರೋ ಹೊತ್ತಿಗೇ ಹೋಯ್ತು. ಕಣ್ಣು ಮುಚ್ಚಿದ್ರೆ ನಿನ್ನ ಮುಖಾನೇ ಬರ್ತಿತ್ತು. ಹಾಗೇ ಹೇಳ್ತಾ ಬಂದೆ. ಮನೆಗೆ ಬಂದುಹೋದ ಇವನ ಮುಖ ನೆನಪಿದೆ, ಕೈ ಹಿಡಿದವರದು ಇಲ್ಲ. ಯಾರ ಹತ್ರ ಹೇಳ್ಕೊಳ್ಳಲಿ ಇದನ್ನ? ನೀನು ಬಸ್ಸು ಹತ್ತಿದಾಗೆಲ್ಲ, ಇವತ್ತು ತಂದೇ ತರ್ತಾನೆ, ಒಂದು ಸಲ ನೋಡ್ಬಿಡ್ತೀನಿ ಅಂತ ಕಾಯ್ತಿದ್ದೆ."

ಕ್ಷೌರಿಕ ಅಮ್ಮನ ಮೊಣಕಾಲಿನ ಬಳಿ ಕೂತ. ಇಷ್ಟು ವರ್ಷ ತನಗೊಬ್ಬನಿಗೇ ಅಪ್ಪನ ಮುಖ ಇಲ್ಲವೆಂದುಕೊಂಡಿದ್ದ. ಅಮ್ಮನ ಪಾದ ಒತ್ತತೊಡಗಿದ.

ಸ್ವಲ್ಪ ಹೊತ್ತಿನ ಮೇಲೆ ಅಮ್ಮ ಬಗ್ಗಿ ಅವನ ಭುಜ ಅಲುಗಿಸಿದಳು. ಆಕೆಯ ದನಿಯಲ್ಲಿ ಅವನೆಂದೂ ಕೇಳಿರದ ಆತುರವಿತ್ತು, ಹೊಸದಾಗಿ ಮದುವೆಯಾದ ಹುಡುಗಿಯ ದನಿಯ ಹಾಗೆ.

"ಫೋಟೋಗ್ರಾಫರ್ ಇದನ್ನ ಒಂದೇ ಪ್ರತಿ ತೆಗೆದಿರ್ತಾನಾ? ಈ ನಗ್ತಿರೋನಿಗೂ ಒಂದು ಕೊಟ್ಟಿರ್ತಾನಲ್ವಾ? ಅವನ ಮನೆಯವರು ಕತ್ತರಿಸಿರಲ್ಲ ಮಗಾ. ನಾಳೆಯಿಂದಾನೇ ಅವರನ್ನ ಹುಡುಕು. ಬೇಗ ಹುಡುಕು, ಈ ಕಣ್ಣಲ್ಲಿ ನಾನೂ ನೋಡ್ಬೇಕು."