ಬಿದ್ದವಳು ನಕ್ಕಳಾ?

ಕಾಂತಿಯಕ್ಕ ತಾನು ನಗುವುದು ಅಪರೂಪ. ಎದುರಿಗಿರುವವರು ನಗುವ ತನಕ ಕುರ್ಚಿ ಬಿಟ್ಟು ಏಳುವುದು ಅದಕ್ಕಿಂತಲೂ ಅಪರೂಪ. ಬಿ.ಸಿ.ರೋಡಿನ ‘ಊರತೋರಣ’ ವಾರಪತ್ರಿಕೆಯ ವ್ಯಂಗ್ಯಚಿತ್ರದ ಪುಟಕ್ಕೆ ಅವರು ಇಪ್ಪತ್ತೈದು ವರ್ಷ ‘ಕೊಡೆಯಣ್ಣ’ನನ್ನು ಬರೆದರು. ಬಿಸಿಲಿಗೂ ಕೊಡೆ ಬಿಡಿಸಿಕೊಂಡೇ ತಿರುಗುವ ಆ ಚಿತ್ರದ ಮನುಷ್ಯ, ವಾರಕ್ಕೊಬ್ಬರಂತೆ ನಿಜವಾದ ಊರವರ ಹತ್ತಿರ ಹೋಗಿ ಪಟ್ಟಾಂಗ ಹೊಡೆಯುತ್ತಿದ್ದ. ಕಾಂತಿಯಕ್ಕನ ವ್ರತ ಒಂದೇ: ಚಿತ್ರಕ್ಕೆ ಸಿಕ್ಕಿದವರು ಮೊದಲು ಅದನ್ನು ನೋಡಿ ನಗಬೇಕು, ಆಮೇಲೆ ಅಚ್ಚು.

ಅಣ್ಣ ದೋಹಾದಿಂದ ತಂದ ಬೂದು ರೇನ್‌ಕೋಟು, ಕಾಗದ ಮಡಚದೆ ಹಿಡಿಸುವ ಕಿಸೆ ಇನ್ಯಾವ ಬಟ್ಟೆಗೂ ಇಲ್ಲವೆಂಬ ಕಾರಣಕ್ಕೆ ಮೇ ತಿಂಗಳ ಸೆಕೆಯಲ್ಲೂ ಮೈಮೇಲೆ; ಚಪ್ಪಲಿ ಎಳೆಯುತ್ತ ತುಸು ಎಡಕ್ಕೆ ವಾಲಿದ ನಡಿಗೆ; ಮಾತಿನ ತುದಿಗೊಂದು ‘ಹೌದೋ ಅಲ್ಲವೋ’. ಮೂಡುಬಿದಿರೆಯಿಂದ ನೆರಿಯದವರೆಗೆ ಬಸ್ಸಿನವರೆಲ್ಲ ಬಲ್ಲ ಆಕೃತಿ ಅದು. ಬೆಳ್ತಂಗಡಿಯ ನಿವೃತ್ತ ಮಾಷ್ಟ್ರೊಬ್ಬರು ಚಿತ್ರದಲ್ಲಿ ತಮ್ಮ ಮೂಗು ಕಂಡು ಸಿಡುಕಿದಾಗ, ಅವರ ಹೆಂಡತಿ ಬಾಗಿಲಲ್ಲಿ ನಿಂತು ಬಿದ್ದು ಬಿದ್ದು ನಕ್ಕರು. “ಅಮ್ಮನ ನಗೆ ಲೆಕ್ಕಕ್ಕಿಲ್ಲ ಮಾಷ್ಟ್ರೇ, ನಿಮ್ಮದು ಬೇಕು, ಹೌದೋ ಅಲ್ಲವೋ,” ಎಂದು ಕಾಂತಿಯಕ್ಕ ಜಗಲಿಯಲ್ಲೇ ಕೂತರು. ಆ ವಾರ ಪುಟದಲ್ಲಿ ಬರಿಯ ಕೊಡೆ, ಕೆಳಗೊಂದು ಸಾಲು: ‘ಕೊಡೆಯಣ್ಣ ಇನ್ನೂ ಮಾಷ್ಟ್ರ ಜಗಲಿಯಲ್ಲೇ ಇದ್ದಾನೆ.’ ಅದನ್ನೋದಿ ಮಾಷ್ಟ್ರು ನಕ್ಕರು.

ಆ ಪುಟವನ್ನು ಕೊಂದ ರೀತಿ ನೆನೆದರೆ ಮೈ ಉರಿಯುತ್ತದೆ. ಮೊದಲು ಅರ್ಧ ಪುಟವನ್ನು ಚಿನ್ನದಂಗಡಿಯ ಜಾಹೀರಾತು ನುಂಗಿತು. ಉಳಿದರ್ಧದಲ್ಲಿ ಕೊಡೆಯಣ್ಣನನ್ನು ಮೂಲೆಗೊತ್ತಿ, ಎಲ್ಲಿಂದಲೋ ಅಗ್ಗಕ್ಕೆ ಕೊಂಡ ವಿದೇಶಿ ಚಿತ್ರಕಥೆ ಬಂತು. ಬಾವಿಗಳು ತಳ ಕಂಡಿರುವಾಗ ನಮ್ಮ ಮಕ್ಕಳಿಗೆ ಹಿಮದ ಗೊಂಬೆ! ಪುಟ ಕೆಟ್ಟಷ್ಟೂ ಓದುಗರು ಕಡಿಮೆಯಾದರು, ಓದುಗರು ಕಡಿಮೆಯಾದಷ್ಟೂ ಪುಟ ಕೆಟ್ಟಿತು. ತಪ್ಪು ಮಾತ್ರ ಓದುಗರದ್ದಂತೆ. ಕಳೆದ ವರ್ಷ ಮಾಲಕರ ಅಳಿಯ ಶೋಧನ್ ಪತ್ರಿಕೆಯ ಯಜಮಾನಿಕೆಗೆ ಬಂದ. “ಅಕ್ಕ, ನಿಮ್ಮ ಹಳೇ ಚಿತ್ರ ಎಲ್ಲ ಕಂಪ್ಯೂಟರಿಗೆ ಕಲಿಸಿದ್ದೇವೆ. ಇನ್ನು ನಿಮಗೆ ಬಿಸಿಲಲ್ಲಿ ತಿರುಗುವ ಕಷ್ಟ ಇಲ್ಲ,” ಎಂದ. ಕೊಡೆಯಣ್ಣ ಪತ್ರಿಕೆಯ ಸೊತ್ತಂತೆ. ಚಿತ್ರದ ಕೆಳಗೆ ಕಾಂತಿಯಕ್ಕನ ಹೆಸರು ಮಾತ್ರ ಹಾಗೆಯೇ ಉಳಿಯಿತು.

ಈ ಜೂನಿನಲ್ಲಿ, ವಾಮದಪದವಿನಲ್ಲಿ ಒಣಮೀನು ಮಾರುವ ಮೈಮೂನಮ್ಮ ಬುಟ್ಟಿ ಹಿಡಿದು ಬಸ್ಸಿನ ಹಿಂದೆ ಓಡಿ ಕೆಸರಿಗೆ ಬಿದ್ದರು. ಯಾರೋ ತೆಗೆದ ವಿಡಿಯೋ ಊರಿಡೀ ಹರಿದಾಡಿತು. ಮರುವಾರದ ಪತ್ರಿಕೆಯಲ್ಲಿ ಕೊಡೆಯಣ್ಣ ಬಿದ್ದ ಮೈಮೂನಮ್ಮನತ್ತ ಬೆರಳು ತೋರಿಸಿ ನಗುತ್ತಿದ್ದ. ಕಂಪ್ಯೂಟರು ಬರೆದ ಆ ಕೈಗೆ ಆರು ಬೆರಳು.

ಅದೇ ಪತ್ರಿಕೆಗೆ ಅಂಕಣ ಬರೆಯುತ್ತಿದ್ದ ನನ್ನನ್ನೂ ಕರೆದುಕೊಂಡು ಕಾಂತಿಯಕ್ಕ ಕಚೇರಿಗೆ ಹೋದರು. ಶೋಧನ್ ಮೊಬೈಲು ಮುಂದೆ ಹಿಡಿದ. “ಲೈಕ್ ನೋಡಿ ಅಕ್ಕ! ಊರೇ ನಗಾಡ್ತಾ ಉಂಟು.”

“ಬಿದ್ದವಳು ನಕ್ಕಳಾ?”

ಕ್ಷಮೆ ಕೇಳುವ ಎರಡು ಸಾಲು ಹಾಕು ಎಂದರೆ, ಪುಟದಲ್ಲಿ ಜಾಗವಿಲ್ಲ ಎಂದ ಶೋಧನ್. ಚಿನ್ನಕ್ಕೆ ಇತ್ತು. ನನ್ನ ಅಂಕಣವನ್ನು ನಾನು ಅಂದಿಗೇ ನಿಲ್ಲಿಸಿದೆ.

ವಾಮದಪದವಿನ ತಮ್ಮ ಪುಟ್ಟ ಅಂಗಡಿಯಲ್ಲಿ ಮೈಮೂನಮ್ಮ ನಮ್ಮನ್ನು ಕಂಡು ತಲೆಯ ಮೇಲಿನ ಬಟ್ಟೆ ಸರಿಮಾಡಿಕೊಂಡರು. “ನೀನು ಬಿಡಿಸಿದ್ದಲ್ಲ ಅಂತ ನನಗೆ ಗೊತ್ತುಂಟು ಕಾಂತೀ. ಊರಿಗೆ ಗೊತ್ತುಂಟಾ? ಹೆಸರು ನಿನ್ನದಲ್ವಾ?”

ಕಾಂತಿಯಕ್ಕ ರೇನ್‌ಕೋಟಿನ ಕಿಸೆಯಿಂದ ಹೊಸ ಚಿತ್ರ ತೆಗೆದರು. ಕೆಸರಿನಲ್ಲಿ ಮೊಣಕಾಲೂರಿ ಮೀನು ಹೆಕ್ಕುವ ಕೊಡೆಯಣ್ಣ, ಕೊಡೆ ಮೀನಿನ ಮೇಲೆ, ತಾನು ಪೂರ್ತಿ ಒದ್ದೆ. ಪಕ್ಕದಲ್ಲಿ ಸೊಂಟಕ್ಕೆ ಕೈಯಿಟ್ಟು ಬೈಯುವ ಮೈಮೂನಮ್ಮ. ಅಂಗಡಿಯ ಗೋಡೆಗೆ ಹಚ್ಚಲು ಅಂಟನ್ನೂ ತಂದಿದ್ದರು.

ಮೈಮೂನಮ್ಮ ಬಹಳ ಹೊತ್ತು ನೋಡಿದರು. “ಚಂದ ಉಂಟು,” ಎಂದರು. ನಗಲಿಲ್ಲ.

“ಅಂಟಿಸಿ ಬಿಡುವ ಅಕ್ಕ, ಊರಿಗೆ ಗೊತ್ತಾಗಲಿ,” ಎಂದೆ ನಾನು.

“ಅದು ಅವರ ಮುಖ, ನಿಮ್ಮದಲ್ಲ.” ಕಾಂತಿಯಕ್ಕ ಚಿತ್ರವನ್ನು ಕಿಸೆಗೆ ಸೇರಿಸಿ, ಮೀನಿನ ಬುಟ್ಟಿಯ ಪಕ್ಕ ಸ್ಟೂಲು ಎಳೆದು ಕೂತರು.

“ಬಸ್ಸು ಹೋಗ್ತದೆ ಮಾರಾಯ್ತಿ,” ಎಂದರು ಮೈಮೂನಮ್ಮ.

“ಹೋಗ್ಲಿ. ಓಡಿದ್ರೆ ನಾನೂ ಬೀಳ್ತೇನೆ, ಹೌದೋ ಅಲ್ಲವೋ.”

ಮೈಮೂನಮ್ಮನ ತುಟಿ ಒಂದಿಷ್ಟು ಅರಳಿತು. ಅಷ್ಟನ್ನು ನಗೆಯೆಂದು ಲೆಕ್ಕ ಹಿಡಿಯುವವರಲ್ಲ ಕಾಂತಿಯಕ್ಕ, ಕೂತೇ ಇದ್ದರು.

ಇಂಥವರನ್ನು ಪತ್ರಿಕೆಗಳು ನಿಧಾನದವರೆಂದು ಹೊರಗೆ ಹಾಕುತ್ತವೆ. ನಿಜ, ಇವರು ನಿಧಾನ. ಇನ್ನೊಬ್ಬರ ಮುಖವನ್ನು ಮುಟ್ಟುವ ಮೊದಲು ಅವರ ಮೆಟ್ಟಿಲಲ್ಲಿ ಚಪ್ಪಲಿ ಬಿಟ್ಟು ಕೇಳುವವರೆಲ್ಲ ನಿಧಾನದವರೇ. ಊರು ತನ್ನನ್ನು ನೋಡಿ ತಾನೇ ನಗಲು ಕಲಿತದ್ದು ಇವರಿಂದ. ಬಿದ್ದವರನ್ನು ನೋಡಿ ನಗುವುದನ್ನು ಯಾರೂ ಕಲಿಸಬೇಕಾಗಿಲ್ಲ. ಕಂಪ್ಯೂಟರಿಗೂ ಅದು ಒಂದೇ ದಿನದಲ್ಲಿ ಬಂದುಬಿಡುತ್ತದೆ.