ತಂಗಿಯ ಮನೆಯ ಫರ್ನೇಸಿಗೆ ಕರೆಂಟು ಕೊಟ್ಟಿದ್ದು

ಆರ್ವೋ ಕಂಗಾಸ್ ಮೂವತ್ತೊಂದು ವರ್ಷ ಕಬ್ಬಿಣದ ಗಣಿಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದವನು. ಲಾರಿಯಷ್ಟು ದೊಡ್ಡ ಮೋಟಾರುಗಳಿಗೆ ಕರೆಂಟು ಕೊಟ್ಟ ಕೈ ಅದು. ನಿವೃತ್ತನಾದ ಮೇಲೂ ಊರಿನಲ್ಲಿ ಯಾರ ಮನೆಯ ದೀಪ ಮಿಣುಕಿದರೂ ಮೊದಲು ಅವನನ್ನೇ ಕರೆಯುತ್ತಿದ್ದರು. ಕರೆಯದಿದ್ದರೆ ತಾನೇ ಹೋಗಿ, ಯಾಕೆ ಕರೆಯಲಿಲ್ಲ ಎಂದು ಕೇಳುತ್ತಿದ್ದ.

ಹಾಗಾಗಿ ತಂಗಿ ಲೆಂಪಿ ಚಳಿಗಾಲದಲ್ಲಿ ಮನೆ ಬೆಚ್ಚಗಿಡುವ ಹಳೇ ಫರ್ನೇಸ್ ತೆಗೆಸಿ ಹೊಸ ಗ್ಯಾಸ್ ಫರ್ನೇಸ್ ಹಾಕಿಸುತ್ತೇನೆ ಅಂದಾಗ, "ಯಂತ್ರ ಯಾರಾದ್ರೂ ತಂದಿಡ್ಲಿ, ಕರೆಂಟು ಕೊಡೋದು ಮಾತ್ರ ನಾನು" ಎಂದುಬಿಟ್ಟ. ಲೆಂಪಿ ಹಳೇ ಬಟ್ಟೆಯ ಪಟ್ಟಿಗಳಿಂದ ಜಮಖಾನೆ ನೇಯುತ್ತಿದ್ದಳು. ಅವಳ ಮಗ್ಗ ಇದ್ದದ್ದು ನೆಲಮಾಳಿಗೆಯಲ್ಲಿ, ಫರ್ನೇಸಿನ ಪಕ್ಕದಲ್ಲೇ. ದಿನಕ್ಕೆ ಎಂಟು ಗಂಟೆ ಅಲ್ಲೇ ಕೂರುವವಳಿಗೆ ಆ ಯಂತ್ರ ಬರೀ ಯಂತ್ರವಾಗಿರಲಿಲ್ಲ.

ಫರ್ನೇಸ್ ತಂದಿಟ್ಟವಳು ಜೋಲೀನ್ ಟ್ರೆವಾರೋ. ಎರಡು ವರ್ಷದ ಹಿಂದೆ ಒಂದು ವ್ಯಾನು ಕೊಂಡು ಸ್ವಂತ ಕೆಲಸ ಶುರು ಮಾಡಿದ್ದಳು. ಗ್ಯಾಸಿನ ಪೈಪು, ತಗಡಿನ ಕೊಳವೆ ಎಲ್ಲ ಜೋಡಿಸಿ, "ಸೋಮವಾರ ವೈರಿಂಗ್ ಮಾಡಿಸಿ, ಕರೆಂಟಿನ ಇನ್‌ಸ್ಪೆಕ್ಟರಿಗೆ ತೋರಿಸಿ ಚಾಲೂ ಮಾಡಿಕೊಡ್ತೀನಿ" ಅಂದಳು.

"ಒಂದು ಸ್ವಿಚ್ಚು, ಮೂರು ತಂತಿ. ಇದಕ್ಕೊಬ್ಬ ಇನ್‌ಸ್ಪೆಕ್ಟರ್ ಬೇರೆ" ಅಂದ ಆರ್ವೋ. "ನೀನು ತೊಟ್ಟಿಲಲ್ಲಿ ಅಳ್ತಿದ್ದಾಗ ನಾನು ನಾಲ್ಕು ಸಾವಿರ ವೋಲ್ಟು ಆಡಿಸ್ತಿದ್ದೆ ಕಣಮ್ಮಾ."

ಭಾನುವಾರ ಚರ್ಚಿನಿಂದ ಬಂದವನೇ ಕೋಟು ಕಳಚಿ ಕೆಳಗಿಳಿದು, ಫರ್ನೇಸಿನ ಪಕ್ಕ ಒಂದು ಸ್ವಿಚ್ ಬಾಕ್ಸು ಕೂರಿಸಿದ. ಮನೆಯ ಕೇಬಲ್ಲು ಹಳೇ ಕಾಲದ್ದು, ಬಟ್ಟೆ ಸುತ್ತಿದ್ದು. ಎಷ್ಟೋ ವರ್ಷದ ಧೂಳು ಕುಡಿದು ಫೇಸಿನ ಕಪ್ಪು ತಂತಿಯೂ ನ್ಯೂಟ್ರಲಿನ ಬಿಳಿ ತಂತಿಯೂ ಒಂದೇ ಕಂದು ಬಣ್ಣಕ್ಕೆ ತಿರುಗಿದ್ದವು. ಕಾಫಿ ಹಿಡಿದು ನಿಂತಿದ್ದ ಲೆಂಪಿ, "ಮೀಟರ್ ಇಟ್ಟು ನೋಡಲ್ವಾ ಅಣ್ಣ?" ಅಂದಳು.

"ಫೇಸ್ ಯಾವ್ದು ನ್ಯೂಟ್ರಲ್ ಯಾವ್ದು ಅಂತ ನನ್ನ ಬೆರಳಿಗೆ ಗೊತ್ತಾಗತ್ತೆ."

ಕರೆಂಟು ಅಳೆಯುವ ಮೀಟರು ಅವನ ಜೇಬಿನಲ್ಲೇ ಇತ್ತು.

ಸ್ವಿಚ್ಚು ಒತ್ತಿದಾಗ ಸಣ್ಣ ಫ್ಯಾನು ತಿರುಗಿತು, ಗ್ಯಾಸ್ ಹೊತ್ತಿಸುವ ಕಡ್ಡಿ ಕೆಂಪಾಯಿತು, ನೀಲಿ ಉರಿ ಬುಸ್ಸೆಂದು ಎದ್ದಿತು. ಲೆಂಪಿ ಕಾಫಿ ಕೆಳಗಿಟ್ಟು ಚಪ್ಪಾಳೆ ತಟ್ಟಿದಳು. ಐದು ಎಣಿಸುವಷ್ಟರಲ್ಲಿ ಉರಿ ಆರಿತು. ಮತ್ತೆ ಹೊತ್ತಿತು, ಮತ್ತೆ ಆರಿತು. ಮೂರನೇ ಸಲ ಆರಿದ ಮೇಲೆ ಯಂತ್ರ ಸುಮ್ಮನಾಗಿ, ಒಳಗೊಂದು ಪುಟ್ಟ ದೀಪ ಮಾತ್ರ ಮಿಟುಕತೊಡಗಿತು.

"ಯಂತ್ರಾನೇ ಸರಿ ಇಲ್ಲ" ಎಂದು ಆರ್ವೋ ತೀರ್ಪು ಕೊಟ್ಟ.

ಮರುದಿನ ಜೋಲೀನ್ ಬಂದಳು. ಉರಿ ಇದೆಯೋ ಇಲ್ಲವೋ ಎಂದು ಪತ್ತೆ ಹಚ್ಚುವ ಕಡ್ಡಿಯನ್ನು ಬದಲಾಯಿಸಿದಳು. ಅದೇ ಕತೆ. ಮಿಟುಕುವ ದೀಪವನ್ನು ನೋಡುತ್ತ, "ತೊಂದರೆ ಕರೆಂಟಿನ ಕಡೇದು ಅನ್ಸುತ್ತೆ. ಫೇಸು ನ್ಯೂಟ್ರಲ್ಲು ಅದಲುಬದಲಾದ್ರೆ ಇದಕ್ಕೆ ಉರಿ ಹೊತ್ತಿದ್ದೇ ಗೊತ್ತಾಗಲ್ಲ, ಗ್ಯಾಸ್ ನಿಲ್ಲಿಸಿಬಿಡತ್ತೆ. ಆ ಸ್ವಿಚ್ ಬಾಕ್ಸ್ ಒಂದ್ಸಲ ಬಿಚ್ಚಲಾ?" ಅಂದಳು.

ಆರ್ವೋ ಬಾಕ್ಸಿಗೆ ಬೆನ್ನು ಕೊಟ್ಟು ಅಡ್ಡ ನಿಂತ. "ನನ್ನ ಕೆಲಸಕ್ಕೆ ಕೈ ಹಾಕ್ಬೇಡ. ಮಾರಿದ್ದೀಯಲ್ಲ, ನಿನ್ನ ಡಬ್ಬಾ ರಿಪೇರಿ ಮಾಡು."

ಲೆಂಪಿ ಅಣ್ಣನ ಮುಖ ನೋಡಿ ಮಗ್ಗದ ಕಡೆ ತಿರುಗಿದಳು. ಜೋಲೀನ್, ಹಾಗಾದರೆ ಯಂತ್ರದೊಳಗಿನ ಸರ್ಕ್ಯೂಟ್ ಬೋರ್ಡು ಹೊಸದು ತರಿಸುತ್ತೇನೆ, ಒಂದು ವಾರವಾದೀತು ಎಂದು ಹೇಳಿ ಹೋದಳು.

ಫೆಬ್ರವರಿ ತಿಂಗಳು. ಕೆರೆಯ ಮಂಜುಗಡ್ಡೆಯ ಮೇಲೆ ಟ್ರಕ್ಕುಗಳು ಓಡಾಡುತ್ತಿದ್ದವು. ನಮ್ಮನೆಗೆ ಬಾ ಎಂದು ಆರ್ವೋ ಎಷ್ಟು ಕರೆದರೂ, ಮಗ್ಗ ಹೊತ್ತುಕೊಂಡು ಬರಲಾಗುತ್ತದೆಯೇ ಎಂದು ಲೆಂಪಿ ಅಲ್ಲೇ ಉಳಿದಳು. ಕೋಟಿನ ಮೇಲೆ ಕೋಟು ತೊಟ್ಟು, ಬೆರಳು ಕತ್ತರಿಸಿದ ಕೈಗವಸು ಹಾಕಿಕೊಂಡು, ಕಾಲ ಬಳಿ ಒಂದು ಸಣ್ಣ ಹೀಟರಿಟ್ಟುಕೊಂಡು ನೇಯ್ದಳು. ಆರ್ವೋ ಮಾತ್ರ ದಿನಾ ಬೆಳಗ್ಗೆ ಕಾಫಿ ಅಂಗಡಿಯಲ್ಲಿ ಕೂತು, ಏಲಕ್ಕಿ ಬ್ರೆಡ್ಡು ಅದ್ದಿಕೊಂಡು ತಿನ್ನುತ್ತ, ಜೋಲೀನಳ ಡಬ್ಬಾ ಫರ್ನೇಸಿನ ಕತೆ ಹೇಳಿದ. ಅವಳು ಹೇಗೆ ಕಣ್ಣು ಕಣ್ಣು ಬಿಟ್ಟಳು ಎಂದು ಅಭಿನಯಿಸಿಯೂ ತೋರಿಸಿದ. ಜನ ನಕ್ಕರು. ಅವಳಿಗೆ ಕೆಲಸ ಒಪ್ಪಿಸಿದ್ದ ಇಬ್ಬರು ಬೇಡ ಎಂದು ಫೋನು ಮಾಡಿದರು.

ಹತ್ತನೇ ದಿನ ಅವನು ಮೀನು ಹಿಡಿಯಲು ಹೋಗಿ ಬರುವಷ್ಟರಲ್ಲಿ ತಂಗಿಯ ಮನೆ ಬೆಚ್ಚಗಾಗಿತ್ತು. "ಜೋಲೀನ್ ಬಂದಿದ್ಲು, ಸರಿ ಮಾಡಿ ಹೋದ್ಲು" ಎಂದಷ್ಟೇ ಹೇಳಿ ಲೆಂಪಿ ಮೀನು ಹೆಚ್ಚಲು ಕೂತಳು. ಮರುದಿನ ಕಾಫಿ ಅಂಗಡಿಯಲ್ಲಿ ಕತೆಗೆ ಬಾಲ ಬೆಳೆಯಿತು: "ನಾನಿಲ್ಲದಾಗ ಕಳ್ಳಿ ಹಾಗೆ ಬಂದು ಕೆಟ್ಟ ಬೋರ್ಡು ಬದಲಾಯಿಸಿ ಓಡಿದ್ಲು."

ಏಪ್ರಿಲ್‌ನಲ್ಲಿ, ಮಗ್ಗದ ಮೇಲೊಂದು ದೀಪ ಹಾಕಿಕೊಡೋಣ ಎಂದು ಆರ್ವೋ ಅದೇ ಸ್ವಿಚ್ ಬಾಕ್ಸು ಬಿಚ್ಚಿದ. ಒಳಗಿದ್ದದ್ದು ಅವನ ಕೈಕೆಲಸವಲ್ಲ. ಅವನು ಸುತ್ತಿದ್ದ ಟೇಪು ಇರಲಿಲ್ಲ. ಅವನು ಇತ್ತ ಕೊಟ್ಟಿದ್ದ ತಂತಿ ಅತ್ತ ಹೋಗಿತ್ತು, ಅತ್ತಲಿನದು ಇತ್ತ ಬಂದಿತ್ತು. ನ್ಯೂಟ್ರಲ್ ತಂತಿಗೆ ಯಾರೋ ಅಚ್ಚುಕಟ್ಟಾಗಿ ಬಿಳಿ ಪಟ್ಟಿ ಸುತ್ತಿ ಗುರುತು ಮಾಡಿದ್ದರು. ಅವನು ಮೀಟರು ತೆಗೆದು ಇಟ್ಟು ನೋಡಿದ. ಗುರುತು ಸರಿಯಾಗಿತ್ತು. ಆಮೇಲೆ ಮೆಟ್ಟಿಲ ಮೇಲೆ ಕೂತುಬಿಟ್ಟ.

ಮಗ್ಗದ ಸದ್ದು ನಿಂತಿತು.

"ಇದನ್ನ ಜೋಲೀನ್ ಬಿಚ್ಚಿದ್ಲಾ?"

"ಹೂಂ" ಅಂದಳು ಲೆಂಪಿ, ತಲೆ ಎತ್ತದೆ. "ನಾನೇ ಕರೆಸಿದ್ದೆ, ನೀನಿಲ್ಲದ ಹೊತ್ತಿಗೆ. ಹತ್ತು ನಿಮಿಷ ಹಿಡೀತು."

"ಮತ್ತೆ ನಂಗ್ಯಾಕೆ ಹೇಳ್ಲಿಲ್ಲ?"

"ಹೇಳ್ಬೇಡ ಅಂತ ಅವಳ ಕೈ ಹಿಡಿದು ಕೇಳ್ಕೊಂಡೆ. ಗಣಿ ಬಿಟ್ಟ ಮೇಲೆ ನಿಂಗೆ ಉಳಿದಿರೋದು ಇದೊಂದೇ ಅಲ್ವಾ ಅಣ್ಣ."

ಅವನ ಕಿವಿ ಸುಟ್ಟಂತಾಯಿತು. ತಂಗಿ ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಅವಳು ಕನಿಕರಪಟ್ಟಿದ್ದಳು, ಅದೂ ಚಳಿಯಲ್ಲಿ ಕೂತು. "ಒಂಬತ್ತು ದಿನ ನೀನು ಕೋಟು ಹಾಕ್ಕೊಂಡು ನೇಯ್ದೆ" ಅಂದ.

"ನೇಯ್ದೆ. ಬೆರಳು ಮರಗಟ್ಟಿದ್ವು. ನಿನ್ನ ಮೇಲೆ ಸಿಟ್ಟೂ ಬಂದಿತ್ತು, ಇಲ್ಲ ಅನ್ನಲ್ಲ. ಆದ್ರೆ ನೀನು ಊರಲ್ಲಿ ಆ ಹುಡುಗಿ ಬಗ್ಗೆ ಹಾಗೆಲ್ಲ ಮಾತಾಡ್ತಿದ್ದೆ ಅಂತ ನಂಗೆ ಮೊನ್ನೆ ಮೊನ್ನೆ ಗೊತ್ತಾಯ್ತು. ಅದು ಗೊತ್ತಾದ ದಿನದಿಂದ ನಂಗೆ ನಿದ್ದೆ ಇಲ್ಲ."

ಆರ್ವೋ ಬಾಕ್ಸಿನ ಮುಚ್ಚಳ ಹಾಕಿದ. ತಂತಿ ತಪ್ಪಿದ್ದು ಅವನನ್ನು ಅಷ್ಟು ಕಾಡಲಿಲ್ಲ, ಕೈ ಯಾರದ್ದಾದರೂ ತಪ್ಪುತ್ತದೆ. ಕಾಫಿ ಅಂಗಡಿಯಲ್ಲಿ ಅವಳ ಹಾಗೆ ಕಣ್ಣು ಬಿಟ್ಟು ತೋರಿಸಿದ್ದು ನೆನಪಾದಾಗ, ಯಾರೂ ಇಲ್ಲದ ಕಡೆ ತಿರುಗಿ ಗೋಡೆ ನೋಡುತ್ತ ನಿಂತ.

ಅಂದು ಸಂಜೆ ಅವನು ಹೋದಾಗ ಜೋಲೀನ್ ತನ್ನ ಶೆಡ್ಡಿನಲ್ಲಿ ತಗಡು ಕತ್ತರಿಸುತ್ತಿದ್ದಳು. ಅವನು ಬಾಗಿಲಲ್ಲೇ ನಿಂತು ಟೋಪಿ ತೆಗೆದ. "ಬಾಕ್ಸು ಬಿಚ್ಚಿದೆ. ನೋಡಿದೆ. ತಪ್ಪಾಯ್ತಮ್ಮ."

ಅವಳು ಕತ್ತರಿ ಕೆಳಗಿಡಲಿಲ್ಲ. "ನನ್ನ ಹತ್ರ ಹೇಳಿ ಏನು ಬಂತು ಆರ್ವೋ ಅವ್ರೇ? ನಂಗೆ ಫೆಬ್ರವರಿಯಲ್ಲೇ ಗೊತ್ತಿತ್ತು. ಗೊತ್ತಿಲ್ಲದವರ ಹತ್ರ ಹೇಳಿ."

ಮರುದಿನ ಬೆಳಗ್ಗೆ ಕಾಫಿ ಅಂಗಡಿಯ ಆರು ಮೇಜೂ ತುಂಬಿದ್ದವು. ಆರ್ವೋ ಕೂರಲಿಲ್ಲ. "ಲೆಂಪಿ ಮನೆ ಫರ್ನೇಸ್ ಕೆಟ್ಟಿರಲಿಲ್ಲ" ಅಂದ. ಎಲ್ಲರಿಗೂ ಕೇಳುವಂತೆ ಇನ್ನೊಮ್ಮೆ ಹೇಳಿದ. "ತಂತಿ ಉಲ್ಟಾ ಕೊಟ್ಟವನು ನಾನು. ಮೀಟರ್ ಇಟ್ಕೊಂಡೂ ಅಳೀಲಿಲ್ಲ. ಜೋಲೀನ್ ಮೊದಲನೇ ದಿನವೇ ಸರಿಯಾಗಿ ಹೇಳಿದ್ಲು, ನಾನು ಅಡ್ಡ ನಿಂತೆ."

ಮೊದಲು ಬಾಯಿ ಬಿಟ್ಟವನು, ಜೋಲೀನಳಿಗೆ ಕೆಲಸ ಬೇಡ ಎಂದಿದ್ದವರಲ್ಲೊಬ್ಬನಾದ ಹ್ಯೂಗೋ. "ಏನಯ್ಯಾ, ನಾಲ್ಕು ಸಾವಿರ ವೋಲ್ಟಿನ ಬೆರಳಿಗೆ ಕಪ್ಪು ಬಿಳುಪು ಗೊತ್ತಾಗ್ಲಿಲ್ವಾ?"

ಅಂಗಡಿಯೆಲ್ಲ ನಕ್ಕಿತು. ಆರ್ವೋ ನಿಂತೇ ಇದ್ದ. ನಗು ಮುಗಿದ ಮೇಲೆ, "ಗೊತ್ತಾಗ್ಲಿಲ್ಲ. ನೀನು ಅವಳಿಗೆ ಫೋನ್ ಮಾಡು ಹ್ಯೂಗೋ" ಅಂದ.

ಹ್ಯೂಗೋ ಮಾಡಿದ. ಬೇಡ ಎಂದಿದ್ದ ಇನ್ನೊಬ್ಬರ ಮನೆಗೆ ಆರ್ವೋ ತಾನೇ ನಡೆದು ಹೋದ. ಅಲ್ಲಿ ಆಗಲೇ ಬೇರೆಯವನು ತಂದಿಟ್ಟ ಫರ್ನೇಸ್ ಕೂತು ಗುಂಯ್ಗುಡುತ್ತಿತ್ತು. ಮನೆಯಾಕೆ ಪಾಪ ಕಾಫಿ ಕೊಡಲು ಬಂದಳು, ಅವನು ಕುಡಿಯದೆ ಬಂದ. ಜೋಲೀನಳಿಗೆ ಹೋಗಿ ಅದನ್ನೂ ಹೇಳಿದ. ಅವಳು ತಲೆಯಾಡಿಸಿದಳು, ಪರವಾಗಿಲ್ಲ ಎನ್ನಲಿಲ್ಲ.

ಮುಂದಿನ ವಾರ ಅವನೇ ಅರ್ಜಿ ಕೊಟ್ಟು ಇನ್‌ಸ್ಪೆಕ್ಟರನ್ನು ಕರೆಸಿದ. ಬಂದವನು ಆರ್ವೋಗಿಂತ ಮೂವತ್ತು ವರ್ಷ ಚಿಕ್ಕವನು. ಬಾಕ್ಸು ಬಿಚ್ಚಿ ಟಾರ್ಚು ಬಿಟ್ಟು, ತಂತಿಗಳ ಜೋಡಣೆ ಚೆನ್ನಾಗಿದೆ ಅಂದ. ಆದರೆ ಕೇಬಲ್ಲನ್ನು ಬಾಕ್ಸಿಗೆ ಬಿಗಿಯುವ ಕ್ಲಾಂಪೇ ಹಾಕಿಲ್ಲ, ಅರ್ಥಿಂಗ್ ತಂತಿಯ ಸ್ಕ್ರೂ ಅರ್ಧಕ್ಕೇ ನಿಂತಿದೆ ಎಂದೂ ಹೇಳಿದ.

"ಈ ಬಾಕ್ಸು ಕೂರಿಸಿದ್ದು ಯಾರು?" ಎಂದು ಕೇಳಿದ.

ಮಗ್ಗದ ಹಿಂದಿನಿಂದ ಲೆಂಪಿ, "ಅದು ಹಳೇ ಮನೆ ಸಾರ್, ಮೊದಲಿಂದಾನೂ" ಎಂದು ಶುರು ಮಾಡಿದಳು.

"ನಾನು" ಅಂದ ಆರ್ವೋ. "ಎರಡು ತಪ್ಪನ್ನೂ ಬರ್ಕೊಳ್ಳಿ. ಅಲ್ಲಿ ಮೇಲ್ಗಡೆ ಇನ್ನೊಂದು ಜಾಯಿಂಟ್ ಇದೆ, ಅದನ್ನೂ ಬಿಚ್ಚಿ ನೋಡಿ. ಅದೂ ನಂದೇ."