ಅಂಚಿನಲ್ಲಿ ಬರೆದದ್ದು

ಮಂಗೇಶ ಆಚಾರಿ ಸತ್ತು ಹದಿನಾರು ದಿನವಾಗಿತ್ತು. ಬುಧವಾರ ಬೆಳಿಗ್ಗೆ ಅವನ ಮಗಳು ವೀಣಾ ಫೋನ್ ಮಾಡಿದಳು. ಭಾನುವಾರ ನಾಲ್ಕು ಗಂಟೆಗೆ ಅಂಕೋಲೆಯ ನಮ್ಮ ವಾಚನಾಲಯದಲ್ಲಿ ನುಡಿನಮನವಿತ್ತು, ನಾನು ಮಾತಾಡಲು ಒಪ್ಪಿಯೂ ಆಗಿತ್ತು. ಅವಳು ಕೇಳಿದ್ದು ಬೇರೆ. ಮನೆಯೆಲ್ಲ ಜಾಲಾಡಿದರೂ ಅಪ್ಪ ಬರೆದ ಒಂದು ಚೀಟಿಯೂ ಸಿಕ್ಕಿಲ್ಲವಂತೆ. ಇದ್ದಾಗ ಕೇಳಿದರೆ, ತಾನು ಬರೆದದ್ದೆಲ್ಲ ಜಗದೀಶನ, ಅಂದರೆ ನನ್ನ, ವಾಚನಾಲಯದ ಪುಸ್ತಕಗಳಲ್ಲಿದೆ ಎನ್ನುತ್ತಿದ್ದನಂತೆ. ಅವನ್ನು ತೆಗೆದಿಡಿ, ಭಾನುವಾರ ಅದರಿಂದಲೇ ನಾಲ್ಕು ಸಾಲು ಓದುತ್ತೇನೆ ಎಂದಳು.

ಆಯಿತು ಎಂದು ಫೋನ್ ಇಟ್ಟೆ. ಅವನು ಬರೆದದ್ದನ್ನೆಲ್ಲ ಅಳಿಸಿದವನು ನಾನು.

ಅಗಸೂರಿನ ಮಂಗೇಶ ಕಸುಬಿನಿಂದ ಬಡಗಿ. ಬಾಗಿಲು, ಕಿಟಕಿ, ತೊಟ್ಟಿಲು, ಭಜನಾ ಮಂದಿರದ ಹಾರ್ಮೋನಿಯಂ ರಿಪೇರಿ, ಯಾವುದಕ್ಕೂ ಇಲ್ಲ ಎಂದವನಲ್ಲ. ಏಳನೇ ಇಯತ್ತೆಗೆ ಶಾಲೆ ಬಿಟ್ಟವನು. ವಾರಕ್ಕೆ ಎರಡು ಪುಸ್ತಕ ಒಯ್ಯುತ್ತಿದ್ದ, ಅದಕ್ಕೊಂದು ತಲೆಬುಡವಿರಲಿಲ್ಲ. ಇವತ್ತು ಗ್ರಹಗತಿ, ನಾಳೆ ಹಿಂದೂ ಕಾಯ್ದೆ, ಆಚೆ ವಾರ ಜೇನು ಸಾಕಣೆ. ಬಿ.ಎ. ಮುಗಿಸಿ ಲೈಬ್ರರಿ ಸೈನ್ಸ್ ಸರ್ಟಿಫಿಕೇಟ್ ಪಡೆದ ನನಗೆ ಇದು ಸ್ವಲ್ಪ ಉರಿಯುತ್ತಿತ್ತು, ಸುಳ್ಳು ಹೇಳುವುದೇಕೆ.

ಅದಕ್ಕಿಂತ ಹೆಚ್ಚು ಉರಿಯುತ್ತಿದ್ದದ್ದು ಅವನ ಪೆನ್ಸಿಲ್. ಉಳಿಯಿಂದ ಹೆರೆದ, ಬಡಗಿಗಳ ಚಪ್ಪಟೆ ಪೆನ್ಸಿಲ್ ಸದಾ ಅವನ ಕಿವಿಯ ಮೇಲಿರುತ್ತಿತ್ತು. ಮರಕ್ಕೆ ಗುರುತು ಹಾಕುತ್ತಿದ್ದ ಅದರಿಂದಲೇ ಪುಸ್ತಕದ ಅಂಚಿನಲ್ಲೂ ಬರೆಯುತ್ತಿದ್ದ. ಬೈದೆ, ನೋಟಿಸು ಅಂಟಿಸಿದೆ, ಒಮ್ಮೆ ಎರಡು ತಿಂಗಳು ಪುಸ್ತಕ ಕೊಡಲಿಲ್ಲ. ನಕ್ಕು ಹೋದ, ಮತ್ತೆ ಬಂದ, ಮತ್ತೆ ಬರೆದ. ಕಡೆಗೆ ನಾನೇ ಸೋತು, ಅವನು ತಂದಿಟ್ಟ ಪುಸ್ತಕವನ್ನು ಅಂದೇ ಪುಟ ಪುಟ ತಿರುವಿ ರಬ್ಬರ್ ಹಾಕುತ್ತಿದ್ದೆ. ಹೀಗೆ ಇಪ್ಪತ್ತಾರು ವರ್ಷ. ನಾನು ನಿವೃತ್ತನಾಗಿ ಈಗ ಮೂರು ವರ್ಷ.

ಗುರುವಾರ ಬಾಗಿಲು ತೆರೆಯುವ ಮೊದಲೇ ವಾಚನಾಲಯದ ಕಟ್ಟೆಯ ಮೇಲೆ ಕುಳಿತಿದ್ದೆ. ಈಗಿನ ಗ್ರಂಥಪಾಲಕಿ ರೂಪಾ ಏನು ಸಾರ್ ಇಷ್ಟು ಬೇಗ ಎಂದು ಕೇಳಿದಳು, ಸುಮ್ಮನೆ ಎಂದೆ. ಹಳೆಯ ರಿಜಿಸ್ಟರ್ ತೆಗೆದು ಮಂಗೇಶನ ಹೆಸರಿನ ಮುಂದಿದ್ದ ಪುಸ್ತಕಗಳನ್ನು ಒಂದೊಂದಾಗಿ ಇಳಿಸಿದೆ. ಶುಕ್ರವಾರವೂ ಇಳಿಸಿದೆ. ಕನ್ನಡಕ ಹಾಕಿ, ತೆಗೆದು, ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಎಲ್ಲಾದರೊಂದು ಪುಟ ನನ್ನ ಕಣ್ತಪ್ಪಿರಲಿ ಎಂದು ಕಂಡ ದೇವರಿಗೆಲ್ಲ ಹೇಳಿಕೊಂಡೆ. ಎರಡು ದಿನದಲ್ಲಿ ಕೈಗೆ ಸಿಕ್ಕ ನೂರಾ ಹನ್ನೆರಡು ಪುಸ್ತಕದಲ್ಲಿ ಒಂದು ಅಕ್ಷರವಿಲ್ಲ. ನನ್ನ ಕೆಲಸ ಅಷ್ಟು ಅಚ್ಚುಕಟ್ಟು. ಮನೆಗೆ ಬಂದರೆ ಕೂತಲ್ಲಿ ಕೂರಲಾಗದೆ ಅಂಗಳದಲ್ಲಿ ತಿರುಗಿದೆ. ಪುಸ್ತಕಗಳು ಸಿಗಲಿಲ್ಲ, ಗೆದ್ದಲು ಹಿಡಿದಿತ್ತು ಎಂದು ಹೇಳಿಬಿಡೋಣವೆಂದು ಎರಡು ಸಲ ಫೋನ್ ಕೈಗೆತ್ತಿಕೊಂಡೆ. ಎರಡು ಸಲವೂ ಕೆಳಗಿಟ್ಟೆ.

ಶನಿವಾರ ಕಾರವಾರದ ಬಸ್ಸು ಹತ್ತಿದೆ. ವೀಣಾ ಅಲ್ಲಿ ನರ್ಸು, ಮನೆ ಬಿಣಗಾದಲ್ಲಿ. ಸೀಟು ಖಾಲಿಯಿದ್ದರೂ ದಾರಿಯುದ್ದಕ್ಕೂ ನಿಂತೇ ಹೋದೆ. ಬಿಣಗಾಕ್ಕೆ ಮೊದಲಿನ ಸ್ಟಾಪಿನಲ್ಲೇ ಇಳಿದು ಹೆದ್ದಾರಿಯ ಬದಿಗೆ ಬಿಸಿಲಲ್ಲಿ ನಡೆದೆ. ಹೇಳಬೇಕಾದ ಮಾತನ್ನು ಹತ್ತು ರೀತಿ ಜೋಡಿಸಿದ್ದೆ, ಬಾಗಿಲಲ್ಲಿ ಅವಳ ಮುಖ ಕಂಡಾಗ ಒಂದೂ ನೆನಪಾಗಲಿಲ್ಲ.

"ತಂಗಿ, ಪುಸ್ತಕದಲ್ಲಿ ಎಂತದೂ ಇಲ್ಲ. ನಾನೇ ಅಳಿಸ್ದೆ, ಎಲ್ಲಾನೂ."

ಅವಳು ಬೈಯಬೇಕಿತ್ತು. ಒಳಗೆ ಹೋಗಿ ಕೋಕಮ್ ಪಾನಕ ಮಾಡಿ ತಂದು ಕೈಗೆ ಕೊಟ್ಟು, ಎದುರಿಗೆ ಕುಳಿತಳು.

"ಅಪ್ಪಂಗೆ ಗೊತ್ತಿತ್ತು ಮಾಮಾ. ನೀವು ಅಳಿಸ್ತ್ರಿ ಅಂತ ನಂಗೆ ಮಾತ್ರ ಹೇಳ್ಲಿಲ್ಲ, ಈಗ ತಿಳೀತು. ಅದೇ ಪುಸ್ತಕ ಮತ್ತೆ ತರ್ತಿದ್ದ. ತಂದವ್ನೇ ಎಂತದೋ ಪುಟ ತೆಗ್ದು ನೋಡೂದು. ನಗೂದು. ಅದು ಖಾಲಿ ಇದ್ದದ್ಕೆ ಅಂತ ಈಗ ಗೊತ್ತಾಯ್ತು. ‘ಅಂವ ಓದಿದ್ದಾನೆ’ ಅಂತಿದ್ದ. ಅದೆಂತ ಅಂತ ನಂಗೆ ಅರ್ಥ ಆಗ್ತಿರ್ಲಿಲ್ಲ."

ನಾನು ಓದಿದ್ದೆ. ಓದದೆ ಅಳಿಸುವುದು ಆಗದ ಮಾತು. ಎಷ್ಟೋ ಸಲ ಒಬ್ಬನೇ ಕುಳಿತು ನಕ್ಕಿದ್ದೆ, ಎಷ್ಟೋ ಸಲ ಇವನಿಗೆ ಇದು ಹೊಳೆಯಿತಲ್ಲ, ನನಗೆ ಹೊಳೆಯಲಿಲ್ಲವಲ್ಲ ಎಂದು ಹೊಟ್ಟೆಕಿಚ್ಚು ಪಟ್ಟಿದ್ದೆ. ಅದನ್ನು ಒಂದು ದಿನವೂ ಅವನಿಗೆ ಹೇಳಲಿಲ್ಲ.

ನೆನಪಿದ್ದದ್ದನ್ನು ಹೇಳಿ ಎಂದು ವೀಣಾ ಒಂದು ನೋಟ್‌ಬುಕ್ ತಂದಳು, ನಾಳೆ ಓದಲು ಏನಾದರೂ ಬೇಕಲ್ಲ. ಹೇಳತೊಡಗಿದೆ. ಕಾಯ್ದೆಯ ಪುಸ್ತಕದಲ್ಲಿ, ಹೆಣ್ಣುಮಕ್ಕಳಿಗೂ ಪಾಲಿದೆಯಂತೆ, ಈ ಪುಟವನ್ನು ನಮ್ಮೂರಲ್ಲಿ ಯಾರೂ ತೆರೆದ ಹಾಗಿಲ್ಲವಲ್ಲ ಎಂದು ಬರೆದಿದ್ದ. ಸಂಗೀತದ ಪುಸ್ತಕದಲ್ಲಿ, ಅಗಸೂರಿನ ಹಾರ್ಮೋನಿಯಂ ಮಳೆಗಾಲದಲ್ಲಿ ಶ್ರುತಿ ಬದಲಿಸುತ್ತದೆ, ಹಾಡುವವರ ಗಂಟಲೂ ಬದಲಾಗುತ್ತದೆಯೇ ಎಂದಿತ್ತು. ಹಕ್ಕಿಗಳ ಪುಸ್ತಕದಲ್ಲಿ ಬರೆದದ್ದು ಇಡೀ ನೆನಪಿತ್ತು: ರಾಮನಗುಳಿಯಲ್ಲಿ ಬಾಗಿಲು ಕೂಡಿಸಲು ಹೋದಾಗ ಮರದ ಪೊಟರೆಯಲ್ಲಿ ಮಂಗಟ್ಟೆ ಹಕ್ಕಿಯ ಗೂಡು ಕಂಡೆ. ಹೆಣ್ಣು ಒಳಗಿದೆ, ಪೊಟರೆಯ ಬಾಯಿಗೆ ಮಣ್ಣಿನ ಬಾಗಿಲು ಮೆತ್ತಿದೆ. ಒಳಗಿನಿಂದ ಮೆತ್ತಿದ್ದೋ ಹೊರಗಿನಿಂದಲೋ? ಬಾಗಿಲು ಮಾಡುವವನಿಗೇ ತಿಳಿಯಲಿಲ್ಲ. ನಿನಗೆ ಗೊತ್ತೇ?

ಹೇಳುತ್ತಾ ಹೇಳುತ್ತಾ ನನಗೇ ಹೊಳೆಯಿತು. ಅವನ ಬಹುಪಾಲು ಬರಹದ ಕೊನೆಯಲ್ಲಿ ಹೀಗೊಂದು ಪ್ರಶ್ನೆ ಇರುತ್ತಿತ್ತು. ಪುಸ್ತಕ ಬರೆದವರನ್ನು ಕೇಳುತ್ತಿದ್ದಾನೆ, ಹುಚ್ಚ, ಎಂದುಕೊಂಡಿದ್ದೆ. ಬರೆದವರನ್ನು ಯಾರಾದರೂ ‘ನೀನು’ ಅನ್ನುತ್ತಾರೆಯೇ? ಅವನು ಏಕವಚನದಲ್ಲಿ ಕರೆಯುತ್ತಿದ್ದದ್ದು ವಾಚನಾಲಯದಲ್ಲಿ ನನ್ನೊಬ್ಬನನ್ನೇ.

ವೀಣಾಳಿಗೂ ಅದು ತಿಳಿದಿರಬೇಕು. ಬರೆಯುವುದನ್ನು ನಿಲ್ಲಿಸಿದ್ದಳು.

"ನೀವು ರಿಟೈರ್ ಆದ್ಮೇಲೆ ಅಪ್ಪ ಅಲ್ಲಿಗೆ ಹೋಗೂದೇ ಬಿಟ್ಟ," ಅಂದಳು. "ಒಂದ್ಸಲನಾದ್ರೂ ಕೆಳಗೆ ಎಂತಾದ್ರೂ ಬರೀಬೋದಿತ್ತಲ್ಲ ಮಾಮಾ. ಗೊತ್ತಿಲ್ಲ ಅಂತಾದ್ರೂ."

ಪುಸ್ತಕದಲ್ಲಿ ಬರೆಯಬಾರದು, ಅದು ನಿಯಮ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಅದನ್ನು ಬಿಟ್ಟು, ಅವಳ ನೋಟ್‌ಬುಕ್ ತೆಗೆದುಕೊಂಡು ಆ ಹಕ್ಕಿಯ ಪ್ರಶ್ನೆಯ ಕೆಳಗೆ ‘ಗೊತ್ತಿಲ್ಲ’ ಎಂದು ಬರೆದೆ.